ಹಳ್ಳದ ಗೆಂಡೆ, ಕೆರೆಯ ಗೆಂಡೆ: ಓದುಗರ ಪ್ರಶ್ನೆಗಳಿಗೆ ಮೇಷ್ಟ್ರ ಉತ್ತರ

ಹೋದ ತಿಂಗಳು ರಾಮನಾಥಪುರದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಕಾವೇರಿ ದಡದ ವಹ್ನಿ ಪುಷ್ಕರಿಣಿಯಲ್ಲಿ ದೇವರ ಮೀನು ನೋಡಿ ಬಂದದ್ದು, ಬಿಸಿಲೇರಿದ ಹಾಗೆ ಅವು ಆಳದ ಕಡೆಗೆ ಇಳಿದದ್ದು, ಅಷ್ಟೇ. ಅದಕ್ಕೆ ಇಷ್ಟೊಂದು ಕಾಗದ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲ ಪೂರ್ತಿ ಮೀನೇ. ಹಲ್ಲಿಯ ಬಾಲದ ಬಗ್ಗೆ ಕೇಳಿದ ಅರಕಲಗೂಡಿನ ಹುಡುಗ ಇನ್ನೊಂದು ತಿಂಗಳು ತಡೆದುಕೊಳ್ಳಲಿ.

ನಮ್ಮ ತೋಟದ ಕೆಳಗೆ ಒಂದು ಹಳ್ಳವಿದೆ. ಬೇಸಿಗೆಯಲ್ಲೂ ಕಾಲಿಟ್ಟರೆ ಜುಮ್ ಅನ್ನುತ್ತದೆ. ಅದರಲ್ಲಿರುವ ಗೆಂಡೆಯೂ ಹಾಸನದ ಕೆರೆಯ ಗೆಂಡೆಯೂ ನೋಡೋಕೆ ಒಂದೇ. ಆದರೆ ಹಳ್ಳದ ಮೀನನ್ನು ಕೆರೆಗೆ ಬಿಟ್ಟರೆ ಬದುಕಲ್ಲ ಅಂತ ನಮ್ಮಪ್ಪ ಹೇಳುತ್ತಿದ್ದರು. ತಣ್ಣೀರಲ್ಲೇ ತಲೆತಲಾಂತರ ಇದ್ದು ಅದರ ತಳಿಯೇ ಬೇರೆ ಆಗಿದೆಯಾ?
— ಕಾಫಿ ಬೆಳೆಗಾರರು, ಹಾನುಬಾಳು

ಈ ಪ್ರಶ್ನೆಗೆ ನಾನು ಒಂದು ಸಲ ತಪ್ಪು ಉತ್ತರ ಕೊಟ್ಟಿದ್ದೇನೆ. ಅದೂ ತುಂಬಿದ ಕ್ಲಾಸಿನಲ್ಲಿ.

1986ನೇ ಇಸವಿ. ಹಾಸನದಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರಾಗಿ ಸೇರಿ ಎರಡನೇ ವರ್ಷ. ಸಕಲೇಶಪುರದ ಆಚೆ ಒಂದು ಹಳ್ಳದಲ್ಲಿ ಬೆರಳುದ್ದದ ಮೀನು ಹಿಡಿದು, ಹಾಲಿನ ಕ್ಯಾನಿಗೆ ಹಾಕಿಕೊಂಡು ಬೆಳಗಿನ ಬಸ್ಸು ಹತ್ತಿದೆ. ಕಂಡಕ್ಟರ್ ಕ್ಯಾನಿಗೂ ಲಗೇಜ್ ಟಿಕೆಟ್ ಹರಿದ. ಕಾಲೇಜಿಗೆ ಬಂದವನೇ ಲ್ಯಾಬಿನ ಗಾಜಿನ ತೊಟ್ಟಿಗೆ ಸುರಿದೆ. ಮೂರನೇ ಪಿರಿಯಡ್ ಹೊತ್ತಿಗೆ ಹನ್ನೊಂದರಲ್ಲಿ ಒಂಬತ್ತು ಹೊಟ್ಟೆ ಮೇಲೆ ಮಾಡಿದ್ದವು. ಉಳಿದೆರಡು ನೀರಿನ ಮೇಲಕ್ಕೆ ಬಾಯಿಟ್ಟು ಗುಟುಕು ಗುಟುಕಾಗಿ ಗಾಳಿ ಎಳೆಯುತ್ತಿದ್ದವು. ಕಿವಿರಿನ ಮುಚ್ಚಳ ಎಣಿಸಲಾರದಷ್ಟು ಬೇಗ ಬಡಿದುಕೊಳ್ಳುತ್ತಿತ್ತು. ನಾನು ಗಂಭೀರವಾಗಿ ಹೇಳಿದೆ: "ನೋಡಿ, ಇದು ಮಲೆನಾಡಿನ ತಳಿ. ಇದರ ರಕ್ತದಲ್ಲೇ ಚಳಿ ಇದೆ."

ಲ್ಯಾಬಿನ ಅಟೆಂಡರ್ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಅವರ ಊರು ಮೂಡಿಗೆರೆ ಕಡೆ. ನನಗಿಂತ ಎರಡು ವರ್ಷ ದೊಡ್ಡವರು. ಹುಡುಗರೆಲ್ಲ ಹೋದ ಮೇಲೆ ಮೆಲ್ಲಗೆ ಅಂದರು, "ರಕ್ತ ಗಿಕ್ತ ಏನಿಲ್ಲ ಸಾರ್. ಧಿಡೀರ್ ಅಂತ ಬಿಸಿನೀರಿಗೆ ಸುರಿದ್ರಿ. ನಮ್ಮನ್ನ ಹಂಗೆ ಸುರಿದಿದ್ರೆ ನಾವೂ ಹಿಂಗೇ ಆಗ್ತಿದ್ವಿ."

ಮುಂದಿನ ಸಲ ಮೀನು ತಂದವರು ಅವರೇ. ಮಣ್ಣಿನ ಹಂಡೆಯಲ್ಲಿ. ಮೊದಲು ಬಾವಿಕಟ್ಟೆಯ ನೆರಳಲ್ಲಿಟ್ಟರು, ಆಮೇಲೆ ಜಗುಲಿಯಲ್ಲಿ, ಆಮೇಲೆ ಲ್ಯಾಬಿನ ಕಿಟಕಿ ಹತ್ತಿರ. ನನ್ನ ಕೆಲಸ ಥರ್ಮಾಮೀಟರ್ ಹಿಡಿಯುವುದು. ದಿನಕ್ಕೆ ಒಂದು ಡಿಗ್ರಿಗಿಂತ ಜಾಸ್ತಿ ಏರಲು ಬಿಡಲಿಲ್ಲ. ಹತ್ತು ದಿನ ಕಳೆದು ತೊಟ್ಟಿಗೆ ಬಿಟ್ಟೆವು. ಆ ಬೇಸಿಗೆ ಪೂರ್ತಿ ಬದುಕಿದವು.

ಅಂದರೆ ಇಲ್ಲಿ ಎರಡು ಬೇರೆ ಬೇರೆ ಸಂಗತಿ ಇವೆ. ಒಂದು, ಒಗ್ಗಿಕೊಳ್ಳುವುದು. ಒಂದು ಮೀನು ತನ್ನ ಆಯಸ್ಸಿನೊಳಗೇ, ಕೆಲವು ದಿನಗಳಲ್ಲಿ, ಮೈಯನ್ನು ಹೊಸ ನೀರಿಗೆ ಹೊಂದಿಸಿಕೊಳ್ಳುತ್ತದೆ. ಅದು ಮರಿಗೆ ಆಸ್ತಿಯಾಗಿ ಹೋಗುವಂಥದ್ದಲ್ಲ. ಇನ್ನೊಂದು, ತಳಿಯೇ ಬದಲಾಗುವುದು. ಅದಕ್ಕೆ ತಲೆಮಾರುಗಳು ಬೇಕು. ನನ್ನ ಒಂಬತ್ತು ಮೀನು ಸತ್ತದ್ದು ಒಗ್ಗಿಕೊಳ್ಳಲು ಪುರುಸೊತ್ತು ಸಿಗದೆ. ಜೊತೆಗೆ ಉಸಿರಿನ ತಾಪತ್ರಯವೂ ಇತ್ತು. 20 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿ ನಿಲ್ಲುತ್ತದೆ. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ಅದೇ ಹೊತ್ತಿಗೆ ಮೀನಿನ ಮೈ ಕೇಳುವ ಆಮ್ಲಜನಕ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ. ಖರ್ಚು ಏರಿತು, ಆದಾಯ ಇಳಿಯಿತು. ಇನ್ನೇನಾಗುತ್ತದೆ?

ಹಾಗಾದರೆ ತಳಿ ಬೇರೆಯೋ ಅಲ್ಲವೋ ಗೊತ್ತಾಗುವುದು ಹೇಗೆ? ಎರಡೂ ಕಡೆಯ ಮೀನು ತಂದು ಒಂದೇ ನೀರಲ್ಲಿ ಮರಿ ಮಾಡಿಸಬೇಕು. ಮೊಮ್ಮಕ್ಕಳವರೆಗೂ ಕಾದರೆ ಇನ್ನೂ ಒಳ್ಳೆಯದು, ಯಾಕೆಂದರೆ ತಾಯಿ ಪಟ್ಟ ಪಾಡಿನ ಗುರುತು ಮೊಟ್ಟೆಯಲ್ಲೂ ಸ್ವಲ್ಪ ಉಳಿದಿರುತ್ತದೆ. ಒಂದೇ ನೀರು, ಒಂದೇ ಮೇವು ಕೊಟ್ಟ ಮೇಲೂ ಅವು ಬೇರೆ ಬೇರೆ ಥರ ನಡೆದುಕೊಂಡರೆ, ಆಗ ತಳಿ ಅನ್ನಬಹುದು.

ಜೀನಿನ ಮಟ್ಟದಲ್ಲಿ ಇದನ್ನು ಚೆನ್ನಾಗಿ ಹಿಡಿದು ತೋರಿಸಿದ್ದು ಅಮೆರಿಕದ ಪೂರ್ವ ಕರಾವಳಿಯ ಒಂದು ಸಣ್ಣ ಮೀನಿನಲ್ಲಿ. ಹೆಸರು ಮಮ್ಮಿಚಾಗ್. ಉಪ್ಪುನೀರಿನ ಜೌಗಿನಲ್ಲಿರುವ, ನಮ್ಮ ಬೆರಳುದ್ದದ ಮೀನು. ಅಲ್ಲಿ ಉತ್ತರಕ್ಕೆ ಒಂದು ಅಕ್ಷಾಂಶ ಹೋದರೆ ನೀರು ಸುಮಾರು ಒಂದು ಡಿಗ್ರಿ ತಣ್ಣಗಾಗುತ್ತದೆ. ಈ ಮೀನಿನ ಸ್ನಾಯು, ರಕ್ತಗಳಿಗೆ ಶಕ್ತಿ ಒದಗಿಸುವ ಕೆಲಸದಲ್ಲಿ ಕೈಜೋಡಿಸುವ ಒಂದು ಕಿಣ್ವವಿದೆ. ಅದರ ಜೀನಿನಲ್ಲಿ ಎರಡು ಬಗೆ. ಚಳಿಯ ಮೇನ್ ರಾಜ್ಯದ ಕಡೆ ಒಂದು ಬಗೆ, ಸೆಖೆಯ ಜಾರ್ಜಿಯಾ ಕಡೆ ಇನ್ನೊಂದು ಬಗೆ, ನಡುವೆ ಎರಡೂ ಬೆರಕೆ. 1982ರಲ್ಲಿ ಈ ಮೀನುಗಳನ್ನು ಈಜಿಸಿ ನೋಡಿದರು. 10 ಡಿಗ್ರಿ ನೀರಲ್ಲಿ ಉತ್ತರದ ಬಗೆ ಇರುವ ಮೀನು ಮುಂದೆ. 25 ಡಿಗ್ರಿಯಲ್ಲಿ ಇಬ್ಬರೂ ಸಮ. ಒಂದೇ ಒಂದು ಜೀನು, ಅದರ ಎರಡು ಬಗೆ, ನೀರಿನ ಬಿಸಿ ನೋಡಿಕೊಂಡು ದಡದುದ್ದಕ್ಕೂ ಜಾಗ ಹಂಚಿಕೊಂಡಿವೆ. ನಾನು ಇದನ್ನು ಮೊದಲು ಓದಿದ ದಿನ ಅಟೆಂಡರನ್ನು ಕೂರಿಸಿಕೊಂಡು ಹೇಳಿದೆ. "ಹಂಗಾದ್ರೆ ನೀವು ಹೇಳಿದ್ದೂ ಪೂರ್ತಿ ಸುಳ್ಳಲ್ಲ ಬಿಡಿ ಸಾರ್" ಅಂತ ಸಮಾಧಾನ ಮಾಡಿದರು.

ಈಗ ನಿಮ್ಮ ಹಳ್ಳಕ್ಕೆ ಬರೋಣ. ಮೊದಲನೆಯದು, ಗೆಂಡೆ ಅನ್ನುವುದು ಒಂದು ಮೀನಿನ ಹೆಸರಲ್ಲ, ಒಂದು ಮನೆತನದ ಹೆಸರು. ಹಳ್ಳದ್ದೂ ಕೆರೆಯದ್ದೂ ಅಸಲಿಗೆ ಬೇರೆ ಜಾತಿಯೇ ಇರಬಹುದು. ಎರಡನೆಯದು, ನಿಮ್ಮ ಸೀಮೆಯಲ್ಲಿ ಬಿಸಿ-ತಣ್ಣಗಿಂತ ದೊಡ್ಡ ಗೋಡೆ ಇನ್ನೊಂದಿದೆ. ಬಿಸಿಲೆ ಹತ್ತಿರ ಮಂಕನಹಳ್ಳಿಯಲ್ಲಿ ಒಂದು ಕಲ್ಲಿದೆ, ನೋಡಿದ್ದೀರಲ್ಲ? ಅದರ ಈ ಕಡೆ ಬಿದ್ದ ಮಳೆ ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ. ಆ ಕಡೆ ಬಿದ್ದದ್ದು ಘಟ್ಟ ಇಳಿದು ಅರಬ್ಬೀ ಸಮುದ್ರಕ್ಕೆ. ಎರಡು ಕಡೆಯ ಮೀನು ಎಷ್ಟೋ ಕಾಲದಿಂದ ಮುಖ ನೋಡಿಲ್ಲ. ಒಂದಕ್ಕೊಂದು ಬೆರೆಯದಿದ್ದರೆ ಸುಮ್ನೆ ಕಾಲ ಕಳೆದಂತೆಯೇ ತಳಿ ದೂರವಾಗುತ್ತದೆ. ಅದಕ್ಕೆ ಬಿಸಿ, ಚಳಿ ಏನೂ ಬೇಕಿಲ್ಲ. ಹೇಮಾವತಿಯಲ್ಲೇ ಮೇಲಿನ ಹಳ್ಳದ ಮೀನಿಗೂ ಕೆಳಗಿನ ಬಯಲಿನದ್ದಕ್ಕೂ ನಡುವೆ ಗೊರೂರು ಅಣೆಕಟ್ಟು ಅಡ್ಡ ನಿಂತಿದೆ. ಹಾಗಾಗಿ ವ್ಯತ್ಯಾಸ ಕಂಡ ಕೂಡಲೇ "ಇದು ತಣ್ಣೀರಿನ ಮಹಿಮೆ" ಅನ್ನುವಂತಿಲ್ಲ. ದೂರ, ಗುಡ್ಡ, ಕಟ್ಟೆ, ಎಲ್ಲವನ್ನೂ ಕಳೆದ ಮೇಲೆ ಏನು ಉಳಿಯುತ್ತದೋ ಅದಷ್ಟೇ ಬಿಸಿಯ ಲೆಕ್ಕಕ್ಕೆ.

ನಿಮ್ಮ ತಂದೆಯವರು ಕಂಡದ್ದು ಸುಳ್ಳಲ್ಲ. ಆದರೆ ಅವರು ಮೀನು ಒಯ್ದದ್ದೂ ಹಾಲಿನ ಕ್ಯಾನಿನಲ್ಲೇ ಇರಬೇಕು ಅಂತ ನನ್ನ ಗುಮಾನಿ.

ನೀರು ಬಿಸಿಯಾದರೆ ಮೀನಿನ ಡಿಎನ್‌ಎ ಬದಲಾಗಿ, ಬಿಸಿ ತಡೆಯುವ ಮೀನು ಹುಟ್ಟುತ್ತವೆ ಅಂತ ಸೆಮಿನಾರಿನಲ್ಲಿ ಒಬ್ಬರು ಹೇಳಿದರು. ಹಾಗಿದ್ದರೆ ಭೂಮಿ ಬಿಸಿಯಾಗುವುದಕ್ಕೆ ನಾವು ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಸಾರ್?
— ಬಿಎಸ್ಸಿ ವಿದ್ಯಾರ್ಥಿನಿ, ಹಾಸನ

ಆ ಮಾತಿನಲ್ಲಿ ಒಂದು ಎಡವಟ್ಟು ಇದೆಯಮ್ಮ. ಬಿಸಿ ನೀರು ಮೀನಿಗೆ ಬೇಕಾದ ಜೀನನ್ನು ಬರೆದುಕೊಡುವುದಿಲ್ಲ. ಅದು ಬರೀ ಜರಡಿ ಹಿಡಿಯುತ್ತದೆ. ಜರಡಿಯ ಮೇಲೆ ಏನಾದರೂ ಉಳಿಯಬೇಕಾದರೆ ರಾಶಿಯಲ್ಲಿ ಮೊದಲೇ ದಪ್ಪ ಕಾಳು ಇರಬೇಕು, ಅಲ್ವಾ?

ಸ್ವೀಡನ್ನಿನ ಫೋರ್ಸ್‌ಮಾರ್ಕ್ ಅನ್ನುವಲ್ಲಿ ಒಂದು ಅಣು ವಿದ್ಯುತ್ ಸ್ಥಾವರವಿದೆ. ಬಾಲ್ಟಿಕ್ ಸಮುದ್ರದ ದಡ. ಅಲ್ಲಿ ಯಂತ್ರ ತಣಿಸಿ ಬಂದ ಬಿಸಿ ನೀರು ಬಂದು ಬೀಳಲೆಂದೇ 1970ರ ದಶಕದಲ್ಲಿ ಕಡಲಿನ ಒಂದು ಚೂರಿಗೆ ಬದು ಕಟ್ಟಿ ಕೊಳ ಮಾಡಿದರು. ಕೊಳದ ನೀರು ಹೊರಗಿನ ಸಮುದ್ರಕ್ಕಿಂತ 5ರಿಂದ 10 ಡಿಗ್ರಿ ಬಿಸಿ. ಒಳಗಿದ್ದ ಪರ್ಚ್ ಮೀನು ಹೊರಗೆ ಹೋಗದಂತೆ ಜಾಲರಿ. 2004ರವರೆಗೂ ಆ ಜಾಲರಿ ಇತ್ತು. ಹೊರಗೆ ಅದೇ ಪರ್ಚ್, ತಣ್ಣೀರಿನಲ್ಲಿ. ವಿಜ್ಞಾನಿಗಳಿಗೆ ಇದಕ್ಕಿಂತ ಒಳ್ಳೆ ಪ್ರಯೋಗಶಾಲೆ ದುಡ್ಡು ಕೊಟ್ಟರೂ ಸಿಗಲ್ಲ.

35 ವರ್ಷದ ಲೆಕ್ಕ ತೆಗೆದು ನೋಡಿದರು. 2015ರಲ್ಲಿ ಪ್ರಕಟವಾಯಿತು. ಒಳ್ಳೇದಕ್ಕೂ ಇಲ್ಲ, ಕೆಟ್ಟದ್ದಕ್ಕೂ ಇಲ್ಲ ಅನ್ನುವಂಥ ಕೆಲವು ಡಿಎನ್‌ಎ ಗುರುತುಗಳಿರುತ್ತವೆ. ಅಂಥ ಒಂಬತ್ತು ಗುರುತು ನೋಡಿದರೆ ಒಳಗಿನ ಮೀನಿಗೂ ಹೊರಗಿನ ಮೀನಿಗೂ ಏನೂ ಭೇದವಿಲ್ಲ. ಆದರೆ ರೋಗ ತಡೆಯುವ ಜೀನುಗಳಲ್ಲಿ ಭೇದ ಬಂದಿತ್ತು. ಬಿಸಿ ಕೊಳದ ಮೀನಿನಲ್ಲಿ ಆ ಜೀನಿನ ಬಗೆಗಳ ಪಟ್ಟಿಯೇ ಬದಲಾಗಿತ್ತು, ಬಗೆಗಳ ಸಂಖ್ಯೆಯೂ ಇಳಿದಿತ್ತು. ಯಾಕೆ? ಬಿಸಿ ನೀರಲ್ಲಿ ಮೀನಿನ ಮೈ ಹತ್ತುವ ಪರೋಪಜೀವಿಗಳೂ ಬೇರೆ ಆಗಿರಬೇಕು ಅಂತ ಅವರ ಊಹೆ. ನನಗೆ ಈ ಸಂಗತಿ ತುಂಬಾ ಇಷ್ಟ. ಅವರ ಊಹೆ ನಿಜವಾದರೆ, ಬಿಸಿ ನೇರವಾಗಿ ಮೀನನ್ನು ಮುಟ್ಟಲಿಲ್ಲ, ಅದರ ಹೇನನ್ನು ಬದಲಾಯಿಸಿತು. ಹೇನು ಮೀನಿನ ಜೀನಿಗೆ ಜರಡಿ ಹಿಡಿಯಿತು.

ಇನ್ನು ಈ ಬದಲಾವಣೆ ಎಷ್ಟು ಬೇಗ ಆಗುತ್ತದೆ ಅನ್ನುವ ಮಾತು. ಚಳಿಯ ಕಡೆಗೆ ಬೇಗ ಹೋಗಬಹುದು. ಕೆನಡಾದಲ್ಲಿ ಸಮುದ್ರದ ಸ್ಟಿಕಲ್‌ಬ್ಯಾಕ್ ಮೀನನ್ನು ಹೆಚ್ಚು ತಣ್ಣಗಾಗುವ ಸಿಹಿನೀರಿನ ಕೊಳಗಳಿಗೆ ಬಿಟ್ಟಾಗ, ಮೂರೇ ತಲೆಮಾರಿನಲ್ಲಿ ಅವು ಎರಡೂವರೆ ಡಿಗ್ರಿ ಹೆಚ್ಚು ಚಳಿ ತಡೆಯುವಂತಾದವು. ಆದರೆ ಬಿಸಿಯ ಕಡೆಗೆ? ನಮ್ಮ ಪಶ್ಚಿಮ ಬಂಗಾಳದಲ್ಲಿ ಹಿಡಿದ ಜೀಬ್ರಾ ಮೀನುಗಳನ್ನು ನಾರ್ವೆಗೆ ಒಯ್ದು, ಪ್ರತಿ ತಲೆಮಾರಿನಲ್ಲೂ ಹೆಚ್ಚು ಬಿಸಿ ತಡೆದವುಗಳನ್ನೇ ಆರಿಸಿ ಮರಿ ಮಾಡಿಸಿದರು. ಆರು ತಲೆಮಾರು, 20 ಸಾವಿರಕ್ಕೂ ಹೆಚ್ಚು ಮೀನು. 2020ರಲ್ಲಿ ಬಂದ ಫಲಿತಾಂಶ: ಒಂದು ತಲೆಮಾರಿಗೆ ಸಿಕ್ಕಿದ್ದು 0.04 ಡಿಗ್ರಿ. ಒಂದು ಡಿಗ್ರಿ ಬೇಕಾದರೆ 25 ತಲೆಮಾರು ಆಯಿತು. ಜೀಬ್ರಾ ಮೀನಿಗೆ ಪರವಾಗಿಲ್ಲ, ಕೆಲವೇ ತಿಂಗಳಲ್ಲಿ ಮರಿ ಹಾಕುತ್ತದೆ. ಮರಿ ಹಾಕಲು ವರ್ಷಗಟ್ಟಲೆ ಬೆಳೆಯಬೇಕಾದ ಮೀನಿನ ಗತಿ ನೀನೇ ಲೆಕ್ಕ ಹಾಕು.

ಇನ್ನು ನಿನ್ನ ಸೆಮಿನಾರಿನವರು ಹೇಳಿದ್ದಕ್ಕೆ ಹತ್ತಿರದ ಸತ್ಯ ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಐದು ಸಾವಿರಕ್ಕೂ ಹೆಚ್ಚು ಜಾತಿಯ ಮೀನಿನ ಡಿಎನ್‌ಎ ಒಟ್ಟುಹಾಕಿ ಪ್ರಪಂಚದ ನಕ್ಷೆ ಮಾಡಿದ್ದಾರೆ. ಅದೂ 2020ರದ್ದೇ. ಕಡಲಲ್ಲೂ ಸಿಹಿನೀರಲ್ಲೂ, ಬೆಚ್ಚಗಿನ ಸೀಮೆಯ ಮೀನುಗಳಲ್ಲಿ ಒಂದೇ ಜಾತಿಯೊಳಗಿನ ವೈವಿಧ್ಯ ಜಾಸ್ತಿ ಕಂಡಿತು. ಬೆಚ್ಚಗಿದ್ದಲ್ಲಿ ಮೈಯೊಳಗಿನ ಕೆಲಸ ಚುರುಕು, ತಲೆಮಾರು ಬೇಗ ಬೇಗ ಉರುಳುತ್ತವೆ, ಡಿಎನ್‌ಎ ನಕಲು ಮಾಡುವಾಗಿನ ತಪ್ಪುಗಳೂ ಬೇಗ ಸೇರುತ್ತವೆ ಅನ್ನುವುದು ಒಂದು ವಿವರಣೆ. ಆದರೆ ಅದು ಲಕ್ಷಾಂತರ ವರ್ಷದ ಉಳಿತಾಯ. ಉಳಿತಾಯ ಜಾಸ್ತಿ ಇರುವ ಸೀಮೆಯಲ್ಲಿದ್ದೇವೆ ಅಂತ ನಾಳೆಯೇ ಪೂರ್ತಿ ಖರ್ಚು ಮಾಡೋಕಾಗುತ್ತಾ?

ಹಾಸನದವಳು ನೀನು, ಆಲೂಗಡ್ಡೆ ನೋಡಿರುತ್ತೀಯ. ಮೇ ತಿಂಗಳಲ್ಲಿ ಎಪಿಎಂಸಿ ಮುಂದೆ ಜಲಂಧರ್ ಬಿತ್ತನೆಯ ಲಾರಿ ಸಾಲು ನಿಲ್ಲುತ್ತದೆ. ಕುಫ್ರಿ ಜ್ಯೋತಿ ಅಂದರೆ ಅಷ್ಟೂ ಚೀಲ ಒಂದೇ ಗಿಡದ ತುಂಡುಗಳಿದ್ದ ಹಾಗೆ. ಮೋಡ ಕವಿದು ಒಂದು ವಾರ ಜಿಟಿಜಿಟಿ ಹಿಡಿದು ಅಂಗಮಾರಿ ಬಂತು ಅನ್ನು, ಇವನ ಹೊಲ ಉಳಿಯಿತು ಅವನದ್ದು ಹೋಯಿತು ಅಂತ ಇರಲ್ಲ. ಔಷಧಿ ಹೊಡೆಯದಿದ್ದರೆ ಎಲ್ಲರದ್ದೂ ಹೋಗುತ್ತದೆ. ಜರಡಿಯಲ್ಲಿ ಉಳಿಯೋಕೆ ಬೇರೆ ಗಾತ್ರದ ಕಾಳೇ ಇಲ್ಲ. ಕಾಡಿನ ಮೀನು ಹಾಗಲ್ಲ. ಇಲ್ಲಿಯವರೆಗೆ.

ಬೇಲೂರು ತಾಲ್ಲೂಕಿನಲ್ಲಿ ಒಂದು ಕೆರೆ ಗುತ್ತಿಗೆ ಹಿಡಿದಿದ್ದೇನೆ. ಬೇಸಿಗೆಯಲ್ಲಿ ದಡದಲ್ಲಿ ಗಾಳಕ್ಕೆ ಬೀಳುವ ಜಿಲೇಬಿ ಮೀನು ಮುಕ್ಕಾಲು ಪಾಲು ಗಂಡೇ. ಬಿಸಿಲಿಗೆ ಹೆಣ್ಣು ಗಂಡಾಗುತ್ತದೆ ಅಂತಾರಲ್ಲ, ನಿಜವೇ?

ಅರ್ಧ ನಿಜ. ಜಿಲೇಬಿ ಅಂದರೆ ತಿಲಾಪಿಯಾ. ಅದರಲ್ಲಿ ನೈಲ್ ತಿಲಾಪಿಯಾ ಅನ್ನುವ ಜಾತಿ ಮೊಟ್ಟೆಯೊಡೆದ ಮೊದಲ ದಿನಗಳಲ್ಲಿ 35-36 ಡಿಗ್ರಿ ನೀರಲ್ಲಿ ಬಿಡದೆ ಬೆಳೆದರೆ, ಹೆಣ್ಣಾಗಬೇಕಿದ್ದ ಮರಿಗಳಲ್ಲಿ ಕೆಲವು ಗಂಡಾಗುತ್ತವೆ. ದೊಡ್ಡ ಮೀನು ಆಗಲ್ಲ. ನಿಮ್ಮ ಕೆರೆಯಲ್ಲಿರುವುದು 1952ರಲ್ಲಿ ದೇಶಕ್ಕೆ ಬಂದ ಹಳೇ ಮೊಜಾಂಬಿಕ್ ಜಿಲೇಬಿಯೇ ಇದ್ದರೆ, ಕಾರಣ ಇನ್ನೂ ಸರಳ ಇರಬಹುದು. ಗಂಡು ದಡದ ಹತ್ತಿರ ತಟ್ಟೆಯಗಲದ ಗುಳಿ ತೋಡಿಕೊಂಡು ಕಾವಲು ಕೂರುತ್ತದೆ. ಹತ್ತಿರ ಬಂದದ್ದನ್ನೆಲ್ಲ ಕಚ್ಚುತ್ತದೆ, ನಿಮ್ಮ ಗಾಳವನ್ನೂ. ಹೆಣ್ಣಿನ ಬಾಯಿ ತುಂಬಾ ಮೊಟ್ಟೆ, ಮರಿ. ಅದು ಬಾಯಿ ತೆರೆದು ಎರೆಹುಳು ನುಂಗುವುದು ಹೇಗೆ? ಒಂದು ಸಲ ನಡುಕೆರೆಯಲ್ಲಿ ಬಲೆ ಬೀಸಿ ಎಣಿಸಿ ನೋಡಿ.

ಬಿಸಿ ನೋಡಿ ಗಂಡು-ಹೆಣ್ಣು ತೀರ್ಮಾನವಾಗುವುದೂ ತಳಿಯ ಗುಣವೇ ಅನ್ನುವುದು ಇದರಲ್ಲಿನ ಸ್ವಾರಸ್ಯ. ಅಟ್ಲಾಂಟಿಕ್ ಸಿಲ್ವರ್‌ಸೈಡ್ ಅಂತ ಒಂದು ಮೀನಿದೆ. ಒಂದೇ ವರ್ಷದ ಆಯಸ್ಸು. ಅಮೆರಿಕದ ದಕ್ಷಿಣದ ಕಡೆ ಋತುವಿನ ಮೊದಲ ತಣ್ಣೀರಲ್ಲಿ ಹುಟ್ಟಿದವು ಹೆಚ್ಚಾಗಿ ಹೆಣ್ಣು, ಆಮೇಲೆ ಬೆಚ್ಚಗಾದಾಗ ಹುಟ್ಟಿದವು ಹೆಚ್ಚಾಗಿ ಗಂಡು. ಮೊದಲು ಹುಟ್ಟಿದರೆ ಬೆಳೆಯಲು ಹೆಚ್ಚು ತಿಂಗಳು, ದೊಡ್ಡ ಮೈ, ಹೆಚ್ಚು ಮೊಟ್ಟೆ. ಹೆಣ್ಣಿಗೆ ಅದು ಲಾಭ. ಉತ್ತರದ ನೋವಾ ಸ್ಕೋಷಿಯಾದಲ್ಲಿ ಬೇಸಿಗೆಯೇ ಚುಟುಕು, ಮೊದಲು ಹುಟ್ಟಿದರೂ ಕೊನೆಗೆ ಹುಟ್ಟಿದರೂ ಅಷ್ಟಕ್ಕಷ್ಟೆ. ಅಲ್ಲಿನ ಅದೇ ಜಾತಿಯ ಮೀನು ನೀರಿನ ಬಿಸಿಗೆ ಕ್ಯಾರೇ ಅನ್ನುವುದಿಲ್ಲ.

ಮಗನಿಗೆ ಹುಷಾರಾದರೆ ಶೃಂಗೇರಿಯ ಹೊಳೆಗೆ 500 ಮೀನುಮರಿ ಬಿಡುತ್ತೇನೆ ಅಂತ ಹರಕೆ ಹೊತ್ತಿದ್ದೆ. ಈಗ ಹುಷಾರಾಗಿದ್ದಾನೆ. ಮರಿ ಎಲ್ಲಿಂದ ತರಲಿ?
— ಗೃಹಿಣಿ, ಕೊಪ್ಪ

ಮಗ ಹುಷಾರಾದದ್ದು ಕೇಳಿ ಸಂತೋಷ. ಆದರೆ ಮರಿ ತರಬೇಡಿ ಅಮ್ಮಾ. ಒರಟಾಗಿ ಕೇಳಿಸಿದರೆ ಕ್ಷಮಿಸಿ, ಕಾರಣ ಹೇಳುತ್ತೇನೆ.

ಕಾವೇರಿಯಲ್ಲಿ ಬೆನ್ನು ಗೂನಿನ ಒಂದು ಮಹಶೀರ್ ಇದೆ. ನಮ್ಮ ಜನ ಬಿಳಿ ಮೀನು ಅನ್ನುವ ಗುಂಪಿನದ್ದು. 50 ಕಿಲೋ ದಾಟಿ ಬೆಳೆದದ್ದುಂಟು. ಕಾವೇರಿ ಸೀಮೆ ಬಿಟ್ಟರೆ ಇನ್ನೆಲ್ಲೂ ಇಲ್ಲ. ಮಹಶೀರ್ ಕಡಿಮೆಯಾಗುತ್ತಿದೆ ಅಂತ 1970ರ ದಶಕದಿಂದ ಒಳ್ಳೆ ಮನಸ್ಸಿನಿಂದಲೇ ಮಹಾರಾಷ್ಟ್ರದ ಲೋನಾವಳದಲ್ಲಿ ಮರಿ ಮಾಡಿದ ಇನ್ನೊಂದು ಜಾತಿಯ, ನೀಲಿ ರೆಕ್ಕೆಯ ಮಹಶೀರನ್ನು ತಂದು ಬಿಟ್ಟರು. ಅದು ಹೆಚ್ಚಿತು. ಗೂನಿನದ್ದು ಕುಸಿಯಿತು. ಅಣೆಕಟ್ಟು, ಮರಳು, ಡೈನಮೈಟು ಇವೂ ಸೇರಿವೆ, ಎಲ್ಲ ತಪ್ಪನ್ನೂ ಮರಿಗಳ ತಲೆಗೆ ಕಟ್ಟುವುದಿಲ್ಲ. ಆದರೆ ಗೂನಿನ ಮೀನಿನ ವೈಜ್ಞಾನಿಕ ಹೆಸರು ಯಾವುದು ಅಂತ ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ನಾಮಕರಣ ಆಗುವಷ್ಟರಲ್ಲಿ ಕೂಸು ಐಸಿಯುನಲ್ಲಿತ್ತು.

ನಿಮ್ಮ ತುಂಗೆಯ ಮೀನು ತುಂಗೆಯ ಚಳಿ, ತುಂಗೆಯ ಮಳೆಗಾಲ, ತುಂಗೆಯ ಬೇಸಿಗೆಯ ಜರಡಿಯಲ್ಲಿ ಉಳಿದು ಬಂದದ್ದು. ಮರಿ ಮಾಡುವ ತೊಟ್ಟಿಯಲ್ಲಿ ಉಳಿದದ್ದು ತೊಟ್ಟಿಯ ಜರಡಿಯಲ್ಲಿ ಉಳಿದದ್ದು. ಸಾವಿರಾರು ಮರಿಗೆ ಅಪ್ಪ-ಅಮ್ಮ ನಾಲ್ಕೇ ಜೊತೆ ಇರಬಹುದು. ಅವನ್ನು ತಂದು ಹೊಳೆಗೆ ಸುರಿದರೆ ಎಣಿಕೆ ಹೆಚ್ಚುತ್ತದೆ, ಬಗೆ ಕಡಿಮೆಯಾಗುತ್ತದೆ. ಹರಕೆ ತೀರಿಸಲೇಬೇಕು ಅಂದರೆ ಹೊಳೆಗೆ ಸೇರುವ ಯಾವುದಾದರೂ ಹಳ್ಳದ ದಂಡೆಗೆ ಹೊಳೆಮತ್ತಿ, ನೇರಳೆ ಸಸಿ ನೆಡಿಸಿ. ಕಳೆದ ಏಪ್ರಿಲ್‌ನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಒಂದೇ ಹಳ್ಳದಲ್ಲಿ ಎರಡು ಕಡೆ ಥರ್ಮಾಮೀಟರ್ ಇಟ್ಟಿದ್ದೆ. ಮರ ಕವಿದಿದ್ದ ಕಡೆ 22. ಮರ ಕಡಿದು ಬೋಳಾದ ಕಡೆ, ಇನ್ನೂರು ಹೆಜ್ಜೆ ಕೆಳಗೆ, 27. 500 ಸಸಿ ಬೇಡ, ಐವತ್ತು ಸಾಕು. ದೇವರು ಲೆಕ್ಕದಲ್ಲಿ ರಿಯಾಯಿತಿ ಕೊಡುತ್ತಾನೆ ಅಂದುಕೊಂಡಿದ್ದೇನೆ.

ಹಳ್ಳದ ಮೀನಿಗೂ ಕೆರೆ ಮೀನಿಗೂ ರುಚಿಯಲ್ಲಿ ವ್ಯತ್ಯಾಸ ಯಾಕೆ?
— ಅರಸೀಕೆರೆ

ನನ್ನನ್ನು ಕೇಳಬೇಡಿ. ಮೂವತ್ತು ವರ್ಷಕ್ಕೂ ಮೇಲೆ ಮೀನಿನ ಪಾಠ ಮಾಡಿದ್ದೇನೆ, ಒಂದನ್ನೂ ತಿಂದಿಲ್ಲ. ನಮ್ಮ ಅಟೆಂಡರನ್ನು ಕೇಳಿದೆ. "ಹಳ್ಳದ್ದರಲ್ಲೂ ಹತ್ತು ಮೀನಿನ ರುಚಿ ಬೇರೆ ಯಾವುದಕ್ಕೂ ಇಲ್ಲ ಸಾರ್" ಅಂದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಹತ್ತು ಅಂದರೆ ಎಣಿಕೆಯ ಹತ್ತಲ್ಲ. ಮುಂಗಾರಿನ ಮೊದಲ ಕೆಂಪು ನೀರಿಗೆ ಮೊಟ್ಟೆಯಿಡಲು ಹಳ್ಳ, ಗದ್ದೆಗೆ ಹತ್ತಿ ಬರುವ ಮೀನು. ಆಗ ಅದರ ಹೊಟ್ಟೆ ತುಂಬಾ ತತ್ತಿ. ಜನ ದಾರಿಗೆ ಬಿದಿರಿನ ಕೂಣಿ ಅಡ್ಡ ಇಟ್ಟು ಹಿಡಿಯುತ್ತಾರೆ. ಆ ವರ್ಷದ ಬೇಸಿಗೆಯ ಜರಡಿಯಲ್ಲಿ ಉಳಿದು ಬಂದ ತಾಯಂದಿರು ಅವೇ ತಾನೆ?

ನಿವೃತ್ತಿ ಆದ ಮೇಲೂ ಪ್ರತಿ ಜೂನ್‌ನಲ್ಲಿ ಇದೇ ವಿಷಯಕ್ಕೆ ನಮ್ಮಿಬ್ಬರಿಗೂ ಫೋನಿನಲ್ಲಿ ಜಗಳ. ಈ ವರ್ಷ ಅವರು, "ಎರಡು ಕೂಣಿ ಇಡೋನು ಒಂದೇ ಇಟ್ಟಿದ್ದೀನಿ ಸಾರ್, ನಿಮ್ಮ ಮಾತಿಗೆ" ಅಂದರು. ಇನ್ನೊಂದು ಎಲ್ಲಿ ಅಂದೆ. ಅಟ್ಟದ ಮೇಲಿದೆಯಂತೆ. ಹೋಗಿ ನೋಡಿಕೊಂಡು ಬರಬೇಕು.